ಎರಡೆಕರೆಗೆ ಕಡೇ ಸರತಿ

ನಾನೊಂದು ಬೀಜ ಬಿತ್ತುವ ಕೂರಿಗೆ. ಜಾಲಿಯ ದಿಂಡು ಕೊರೆದು, ಕಾಳನ್ನು ನೆಲಕ್ಕಿಳಿಸುವ ಮೂರು ತಾಳು ಕೂಡಿಸಿ, ಮೇಲೊಂದು ಬೀಜದ ಬಟ್ಟಲಿಟ್ಟು ಬಡಿಗೇರ ಮೌನಪ್ಪ ನನ್ನನ್ನು ಹುಟ್ಟಿಸಿದ. ಬಟ್ಟಲಿಗೆ ಕಾಳು ಬಿಡುವುದು ಹೆಂಗಸರ ಕೆಲಸ. ನನ್ನನ್ನು ಮಾಡಿಸಿದ ಮನೆಯ ಮಗಳು, ಅದೇ ಊರಿಗೆ ಕೊಟ್ಟಿದ್ದ ನೀಲಗಂಗವ್ವನಷ್ಟು ಹದವಾಗಿ ಕಾಳು ಬಿಡುವ ಕೈಯನ್ನು ನಾನು ಮತ್ತೆ ಕಾಣಲಿಲ್ಲ.

ಅವಳ ಅಪ್ಪ ಸಾಯುವಾಗ ಅವಳ ಹೆಸರಿಗೆ ಎರಡೆಕರೆ ಎರೆಹೊಲ ಬರೆದ. ನಾನು ಅಣ್ಣ ಮಡಿವಾಳಪ್ಪನ ಪಾಲಾದೆ. ಅವನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅಂದೇ.

ಉತ್ತರಿ ಮಳೆಯಾಗಿ ನೆಲ ಹದಕ್ಕೆ ಬಂದಾಗ ಹಿಂಗಾರಿ ಜೋಳ ಬಿತ್ತಬೇಕು. ನೀಲಗಂಗವ್ವ ಅಣ್ಣನ ಹೊಲಕ್ಕೆಲ್ಲ ಕಾಳು ಬಿಟ್ಟು ಮುಗಿಸಿ ಕೇಳಿದಳು: “ಹದ ಆರಾಕತ್ತೈತಿ ಅಣ್ಣ. ನಾಳೆ ಕೂರಿಗಿ ನನಗ ಕೊಡು.”

“ನಿನ್ನ ಸರತಿ ಕಡೀಗೆ,” ಅಂದ. ಬೀಗರಿಗೆ, ನೆಂಟರಿಗೆ, ಕೇಳದವರಿಗೂ ನನ್ನನ್ನು ಕೊಟ್ಟ. ಅವನನ್ನು ಮೀರಿ ಅವಳಿಗೆ ಬೇರೆ ಕೂರಿಗೆ ಕೊಡುವ ಎದೆ ಊರಲ್ಲಿ ಯಾರಿಗೂ ಇರಲಿಲ್ಲ. ಅವಳ ಸರತಿ ಬರುವಷ್ಟರಲ್ಲಿ ಸ್ವಾತಿ ಮಳೆಯ ದಿನ ಬಂದಿತ್ತು, ತಿಂಗಳು ಕಳೆದಿತ್ತು.

“ತಡಾ ಆತು. ಲಗೂನ ಬರೂ ಗಿಡ್ಡ ಜೋಳದ ಬೀಜಾರ ಕೊಡು.”

“ಅದು ತೀರೇತಿ. ದೊಡ್ಡ ಜೋಳಾನ ಬಿತ್ತು.”

ನಾನು ಒರಗಿದ್ದ ಬೀಜದ ಗುಡಾಣದ ತುಂಬ ಗಿಡ್ಡ ಜೋಳವೇ ಇತ್ತು. ಕಟ್ಟಿಗೆಗೆ ಬಾಯಿಲ್ಲವಲ್ಲ!

ನಿಧಾನಕ್ಕೆ ಮಾಗುವ ತಳಿ, ತಡವಾದ ಬಿತ್ತನೆ. ಎಳೆ ಪೈರಿಗೆ ನೊಣ ಬಿದ್ದು ಸುಳಿ ಒಣಗಿತು. ಉಳಿದದ್ದು ತೆನೆ ಹಾಯುವ ಮೊದಲೇ ನೆಲ ಬಿರುಕುಬಿಟ್ಟಿತು. ಮೂರು ವರ್ಷ ಇದೇ ಪಾಡು. ಮಡಿವಾಳಪ್ಪ ಕಟ್ಟೆಯ ಮೇಲೆ ಕೂತು ಹಲ್ಲು ಕಿಸಿದ: “ನನ್ನ ಹೊಲಕ್ಕೂ ಆಕೀನ ಕಾಳ ಬಿಟ್ಟಾಳ, ಬಂಗಾರ ಬೆಳದೈತಿ. ಕೊಟ್ಟ ಹೆಣ್ಣಿಗೆ ತವರ ಮಣ್ಣು ಒಲಿಯಾಂಗಿಲ್ಲ, ತಿಳೀತಿಲ್ಲೋ?” ಕೂತವರೆಲ್ಲ ಬಿತ್ತಿ ಬೆಳೆದವರೇ. ತಿಂಗಳ ತಡ ಎಂದರೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೌದೆಂದು ತಲೆಯಾಡಿಸಿದರು. ಥೂ!

ನಾಲ್ಕನೇ ವರ್ಷ ಅವಳು ಹೊಲವನ್ನು ಅಣ್ಣನಿಗೇ ಬರೆದುಕೊಟ್ಟಳು. ಆ ಸಲ ಉತ್ತರಿ ಹದಕ್ಕೆ ನಾನು ಮೊಟ್ಟಮೊದಲು ಇಳಿದದ್ದೇ ಆ ಎರಡೆಕರೆಗೆ. ಕಾಳು ಬಿಟ್ಟವಳೂ ಅವಳೇ, ಕೂಲಿಗೆ. ಜೋಳ ಆಳೆತ್ತರ ಎದ್ದು ನಿಂತಿತು. ಕೊಯ್ಲಿನ ದಿನ ಅವಳು ಒಂದು ತೆನೆ ಹಿಡಿದು ನೋಡಿ, “ಅಣ್ಣ ಅಂದದ್ದು ಖರೇನ ಐತಿ” ಅಂದಳಂತೆ.

ಈಗ ನನ್ನ ತಾಳು ಸವೆದಿವೆ, ಪಡಸಾಲೆಯ ಮೂಲೆಯಲ್ಲಿ ಬಿದ್ದಿದ್ದೇನೆ. ಒಲೆಗೆ ಹಾಕಿದರೂ ಬೇಸರವಿಲ್ಲ. ಮೊನ್ನೆಯದನ್ನು ನೋಡಲು ಉಳಿದೆನಲ್ಲ, ಅದೇ ಸಂಕಟ. ಮಡಿವಾಳಪ್ಪನ ಮಗಳು ಹೊಲದಲ್ಲಿ ತನ್ನ ಪಾಲು ಕೇಳಿದಳು. ಅವನು ಬಯ್ಯಲಿಲ್ಲ, ತಂಗಿಯನ್ನು ಕರೆಸಿದ. ನೀಲಗಂಗವ್ವ ಹಕ್ಕು ಬಿಡುವ ಕಾಗದವನ್ನು ಹುಡುಗಿಯ ಮುಂದೆ ಸರಿಸಿದಳು.

“ನಾ ಬಿತ್ತಿ ನೋಡೀನವ್ವ. ನಮ್ಮ ಕೈಯಾಗ ಬೆಳ್ಯಾಂಗಿಲ್ಲ. ಸಹಿ ಮಾಡಿಬಿಡು.”