ಮೂರನೇ ಗೇರಿನಲ್ಲಿ ಗುಡ್ಡ

"ಕೇಳಿದ್ಯಾ? ಬೆಣ್ಣೆಯಿಂದ ಕೂದಲು ತೆಗೆದ ಹಾಗಿದೆ," ಎಂದ ಮೇಸ್ತ್ರಿ, ಬಾನೆಟ್ಟಿನೊಳಗಿಂದ ತಲೆ ಎತ್ತದೆ.

ಮಗಳು ಹಳೇ ಬಟ್ಟೆಯಲ್ಲಿ ಕೈ ಒರೆಸುತ್ತ ನಿಂತಳು. ಬಿಚ್ಚಿ ಮತ್ತೆ ಕೂರಿಸಿದ ಎಂಜಿನ್ನು ಮೊದಲ ಸಲ ಉಸಿರಾಡುತ್ತಿತ್ತು. ಆ ಉಸಿರಿನ ನಡುವೆ ಯಾರೋ ಉಗುರಿನಿಂದ ತಗಡು ಬಡಿದ ಹಾಗೆ ಟಿಕ್ ಟಿಕ್ ಎಂದು ಒಂದು ಸದ್ದು. ಬಾಗಿಲಲ್ಲಿ ಮಲಗಿದ್ದ ನಾಯಿ ಕೂಡ ಕಿವಿ ನಿಮಿರಿಸಿತ್ತು. ಅಪ್ಪನಿಗೆ ಮಾತ್ರ ಕೇಳಿಸಿರಲಿಲ್ಲ.

ಎಂಜಿನ್ನಿನ ಕವಾಟ ತಳ್ಳುವ ಟ್ಯಾಪೆಟ್ ಸಡಿಲವಾಗಿತ್ತು. ಹೀಗೇ ಗುಡ್ಡ ಹತ್ತಿಸಿದರೆ ಅರ್ಧ ದಾರಿಯಲ್ಲಿ ಒಳಗಿನದೆಲ್ಲ ಕೆಟ್ಟುಹೋದೀತು. ನಲವತ್ತು ವರ್ಷ ಅಪ್ಪ ಟ್ಯಾಪೆಟ್ ಕೂರಿಸಿದ್ದು ಕಿವಿಯಿಂದಲೇ. ಸಂದು ಅಳೆಯುವ ತೆಳು ಪಟ್ಟಿ ತಂದುಕೊಟ್ಟರೆ, "ಅಳತೆ ನೋಡೋಕೆ ನಾನೇನು ದರ್ಜಿನಾ?" ಎನ್ನುತ್ತಿದ್ದ. ಈಗ ಹೇಳಿದರೆ ನಿನ್ನ ಕಿವಿ ಹೋಯಿತು ಎಂದಂತೆ. ಅದು ಗೊತ್ತಾದ ದಿನವೇ ಸ್ಪ್ಯಾನರ್ ಕೆಳಗಿಟ್ಟುಬಿಡುವ ಮನುಷ್ಯ ಅವನು.

ಕಾರಿನ ಯಜಮಾನಿ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಊರಿನ ಅರ್ಧ ಜನರ ಹಲ್ಲು ಕಿತ್ತು ನಿವೃತ್ತಳಾದ ಡಾಕ್ಟರಮ್ಮ. ಎರಡೇ ಸೀಟಿನ ಆ ಕೆಂಪು ಕಾರು ಅವಳ ಮದುವೆಯಾದ ವರ್ಷದ್ದು. ನೋಡಲು ಚಿರತೆ, ಗುಡ್ಡ ಕಂಡರೆ ಆಮೆ. "ಬಸ್ಸಿನೋರು ಹಲ್ಲು ಕಿರಿದು ಮುಂದೆ ಹೋಗೋರು ಮೇಸ್ತ್ರಿಗಳೇ. ಮೂವತ್ತು ವರ್ಷ ಆ ಹುಳುಕು ಹಲ್ಲು ನೋಡಿದೀನಿ. ಒಂದು ಸಲ, ಒಂದೇ ಸಲ, ಗೇರು ಇಳಿಸದೆ ಮೂರನೇ ಗೇರಲ್ಲೇ ಹತ್ತಬೇಕು," ಎಂದಿದ್ದಳು. ಅದಕ್ಕೇ ಮೇಸ್ತ್ರಿ ಐದು ತಿಂಗಳು ಕೂತು ಸಿಲಿಂಡರ್ ಕೊರೆಸಿ, ದಪ್ಪ ಪಿಸ್ಟನ್ ಹಾಕಿ, ಇನ್ನೊಂದು ಕಾರ್ಬ್ಯುರೇಟರ್ ಕೂರಿಸಿದ್ದ.

ಟಿಕ್ ಟಿಕ್ ಡಾಕ್ಟರಮ್ಮನಿಗೂ ಕೇಳಿಸಿತ್ತು. ಅವಳು ಹುಡುಗಿಯ ಮುಖ ನೋಡಿದಳು. ಎದ್ದು, ಮರದ ಹಿಡಿಯ ಉದ್ದನೆ ಸ್ಕ್ರೂಡ್ರೈವರ್ ತೆಗೆದುಕೊಂಡು ಸೆರಗಿನಿಂದ ಒರೆಸಿದಳು.

"ಬಾಯಿ ತೆಗೀರಿ."

ಹಳೆಯ ಅಭ್ಯಾಸ, ಮೇಸ್ತ್ರಿ ತೆಗೆದೇಬಿಟ್ಟ.

"ಹಿಡಿ ಕಚ್ಚಿ. ತುದಿ ಎಂಜಿನ್ ಮೇಲಿಡಿ. ನನ್ನ ಡ್ರಿಲ್ ಸದ್ದು ಹಲ್ಲಿಂದಾನೇ ತಲೆಗೆ ಹತ್ತುತ್ತೆ ಅಂತ ನೀವೇ ಬೈದಿರಲಿಲ್ವಾ?"

"ಯಾಕಮ್ಮಾ, ನನ್ನ ಕಿವಿಗೇನಾಗಿದೆ?"

"ಕಿವಿ ವಿಷಯ ನನಗೆ ಗೊತ್ತಿಲ್ಲ. ನಾನು ಹಲ್ಲಿನ ಡಾಕ್ಟ್ರು."

ಅವನು ಮುಖ ಗಂಟಿಕ್ಕಿಕೊಂಡು ಕಚ್ಚಿದ. ತುದಿಯನ್ನು ಒಂದೊಂದೇ ಜಾಗಕ್ಕೆ ಸರಿಸಿದ. ಮೂರನೆಯ ಕಡೆ ಹುಬ್ಬು ಮೇಲೇರಿತು. ಬಹಳ ಹೊತ್ತು ಹಾಗೇ ಬಗ್ಗಿ ನಿಂತ. ಆಮೇಲೆ ಎಂಜಿನ್ ನಿಲ್ಲಿಸಿ ಮಗಳ ಕಡೆ ತಿರುಗಿದ.

"ನಿನಗೆ ಕೇಳಿಸ್ತಿತ್ತಾ?"

"ಹೂಂ."

"ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?"

"ನೀನು ಬೆಣ್ಣೆ ಅಂದ್ಯಲ್ಲಪ್ಪ. ಅಲ್ಲ ಅನ್ನೋಕೆ ಮನಸ್ಸು ಬರಲಿಲ್ಲ."

ಮೇಸ್ತ್ರಿ ಹಿಡಿಯ ಮೇಲೆ ಬಿದ್ದ ತನ್ನ ಹಲ್ಲಿನ ಗುರುತು ನೋಡಿದ. ಮೊದಲು ಭುಜ ಕುಲುಕಿತು, ಮತ್ತೆ ಹೊಟ್ಟೆ. ಮೂವರೂ ನಕ್ಕರು.

"ತಗೊಂಬಾ ನಿನ್ನ ಪಟ್ಟಿ. ದರ್ಜಿ ಕೆಲಸ ನೀನು ಮಾಡು. ಕಚ್ಚೋ ಕೆಲಸ ನಾನು ಮಾಡ್ತೀನಿ."

ಮಧ್ಯಾಹ್ನ ಡಾಕ್ಟರಮ್ಮ ಸ್ಟೀರಿಂಗ್ ಹಿಡಿದಳು, ಪಕ್ಕದಲ್ಲಿ ಮೇಸ್ತ್ರಿ. ಮಗಳು ಗೇಟಿನ ಹತ್ತಿರ ನಿಂತು ಕಣ್ಣು ಮುಚ್ಚಿ ಕೇಳಿದಳು. ಸದ್ದು ಮೊದಲ ತಿರುವು ದಾಟಿತು, ಎರಡನೆಯದು ದಾಟಿತು. ಕಡಿದಾದ ಏರಿನಲ್ಲಿ ಅದು ಮುರಿಯಲಿಲ್ಲ, ತಗ್ಗಲಿಲ್ಲ. ತುಂಬಿಕೊಂಡೇ ಮೇಲೆ ಹೋಯಿತು. ಬಹಳ ಹೊತ್ತಿನ ಮೇಲೆ ಗುಡ್ಡದ ತುದಿಯಿಂದ ಉದ್ದನೆ ಹಾರನ್ ಕೇಳಿಸಿತು.

ಕಾರು ವಾಪಸು ಬಂತು. ಡಾಕ್ಟರಮ್ಮನ ಬಿಳಿ ಕೂದಲು ಬಿಚ್ಚಿ ಹೋಗಿತ್ತು. ಎಂಜಿನ್ ಆರಿಸುವುದನ್ನೂ ಮರೆತು ನಗುತ್ತಿದ್ದಳು. ಮೇಸ್ತ್ರಿ ಇಳಿದು ಮಗಳ ಹತ್ತಿರ ಬಂದ.

"ಕೆಳಗಿಂದ ಹೇಗೆ ಕೇಳಿಸ್ತು, ಹೇಳು."

ಅವಳು ಅಪ್ಪನ ಎಣ್ಣೆಗಪ್ಪು ಅಂಗೈ ಬಿಡಿಸಿಕೊಂಡು, ಎರಡು ಬೆರಳಿನಿಂದ ಎಂಜಿನ್ನಿನ ಸದ್ದಿನ ತಾಳವನ್ನು ಮೆಲ್ಲಗೆ ತಟ್ಟತೊಡಗಿದಳು. ಏರು ಬಂದಲ್ಲಿ ಬೇಗ ಬೇಗ. ಅವನು ತಲೆ ವಾಲಿಸಿ ನಿಂತಿದ್ದ.