ಕಿಡಿ ಪತಂಗ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕ್ವಾರ್ಟರ್ಸ್ ಖಾಲಿ ಮಾಡಿ ಗೋಪಾಳ ಬಡಾವಣೆಯಲ್ಲಿದ್ದ ಮಗನ ಮನೆಗೆ ಬರುವಾಗ ದುರ್ಗಮ್ಮ ತಂದದ್ದು ಒಂದು ಟ್ರಂಕು ಮತ್ತು ಲಗೇಜ್ ಆಟೋ ತುಂಬ ಸೇವಂತಿಗೆ ಕುಂಡಗಳು. ಮಾಚೇನಹಳ್ಳಿ ದಾಟುವವರೆಗೂ ತಿರುತಿರುಗಿ ಕುಂಡಗಳನ್ನೇ ನೋಡುತ್ತಿದ್ದರಂತೆ. ಬಂದ ಮೇಲೆ ಮಾತ್ರ ಅತ್ತ ಸುಳಿಯಲಿಲ್ಲ. ಊಟಕ್ಕೆ ಕರೆದರೆ ಬರುವರು, ಮಾತನಾಡಿಸಿದರೆ ಹೂಂ ಎನ್ನುವರು. ಕತೆಗಳ ಕಣಜವಾಗಿದ್ದ ಅಜ್ಜಿ ಹೀಗೆ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು ಮೊಮ್ಮಗಳು ಕವನಳಿಗೆ ಸಹಿಸಲಾಗುತ್ತಿರಲಿಲ್ಲ.

ಅವಳ ಬಾಲ್ಯದ ರಜೆಗಳೆಲ್ಲ ಆ ಕ್ವಾರ್ಟರ್ಸಿನ ಜಗಲಿಯ ಮೇಲೆಯೇ ಕರಗಿದ್ದವು. ದೀಪ ಹಚ್ಚುವ ಹೊತ್ತಿಗೆ ಸೇವಂತಿಗೆಗೆ ಪತಂಗಗಳು ಬರುತ್ತಿದ್ದವು. ಕೂತೂ ಕೂರದಂತೆ, ರೆಕ್ಕೆ ನಡುಗಿಸುತ್ತಲೇ ಹೂವಿಗೆ ಬಾಯಿಡುತ್ತಿದ್ದವು. ಕಂದು ರೆಕ್ಕೆಯ ನಡುವೆ ಹಿತ್ತಾಳೆ ತಗಡು ಅಂಟಿಸಿದಂಥ ಹೊಳಪು.

"ಅದು ಬೆಂಕಿ ಕಿಡಿ ಕಣೇ ಪುಟ್ಟೀ," ಎನ್ನುತ್ತಿದ್ದರು ಅಜ್ಜಿ. "ಫರ್ನೇಸ್ ಮುಂದೆ ನಿಮ್ಮ ತಾತ ಕಬ್ಬಿಣ ಹುಯ್ಯೋವಾಗ ಹಾರಿದ್ದು, ಇದರ ರೆಕ್ಕೆಗೆ ಅಂಟ್ಕೊಂಡ್ತು. ಯಜಮಾನ್ರು ಹೊರಟ್ರು, ಅನ್ನಕ್ಕಿಡು ಅಂತ ಹೇಳೋಕೆ ಅವರಿಗಿಂತ ಮುಂಚೆ ಬರುತ್ತೆ."

ಸ್ವಲ್ಪ ಹೊತ್ತಿಗೆ ತಾತ ಗೋವಿಂದಯ್ಯನವರ ಸೈಕಲ್ ಗೇಟಿಗೆ ಒರಗುತ್ತಿತ್ತು. ತಾತ ತೀರಿಕೊಂಡ ಮೇಲೂ ಪತಂಗ ಕಂಡೊಡನೆ ಅಜ್ಜಿ ಒಲೆ ಹಚ್ಚುವುದನ್ನು ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಕವನ ಹಲ್ಲುಜ್ಜುತ್ತ ಹಿತ್ತಿಲಿಗೆ ಬಂದರೆ, ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಂಡಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ! ಪಕ್ಕದಲ್ಲಿ ಸೋಪಿನ ನೀರಿನ ಚೊಂಬು.

"ಕೊಂಡಿಹುಳ ಮಾರಾಯ್ತಿ! ಎಲೆಯೆಲ್ಲ ಜರಡಿ ಮಾಡಿಟ್ಟಿವೆ. ಇವುಗಳ ಮನೆ ಹಾಳಾಗ! ಭದ್ರಾವತೀಲಿ ದಿನಾ ಬೆಳಿಗ್ಗೆ ಇದೇ ಕೆಲಸ ಆಗಿತ್ತು ನಂಗೆ." ಬೆನ್ನು ಕಮಾನು ಮಾಡಿ ನಡೆಯುತ್ತಿದ್ದ ಹಸಿರು ಹುಳುವನ್ನು ಎತ್ತಿ ನೀರಿಗೆ ಹಾಕಿದರು. ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು.

ಕವನ ಏನೋ ಹೇಳಹೋದಳು. "ಸುಮ್ನಿರೇ, ಅಂತೂ ಒಂದು ಕೆಲಸ ಹಿಡಿದ್ರಲ್ಲ," ಎಂದು ಅಮ್ಮ ವಿಮಲಮ್ಮ ಅಡುಗೆಮನೆ ಕಿಟಕಿಯಿಂದ ಪಿಸುಗುಟ್ಟಿದರು.

ಕಾಲೇಜಿನಲ್ಲಿದ್ದಾಗ ಇಂಥದೇ ಹುಳುವನ್ನು ಕವನ ಡಬ್ಬಿಯಲ್ಲಿ ಸಾಕಿದ್ದಳು. ಅದು ಎಲೆ ಮಡಚಿ, ಬಿಳಿ ನೂಲಿನ ಗೂಡು ಕಟ್ಟಿ ಮಲಗಿತ್ತು. ಕಡೆಗೆ ಹೊರಬಂದದ್ದು ಅಜ್ಜಿಯ ಕಿಡಿ ಪತಂಗ! ಈಗ ಹೇಳಿದರೆ ಅಜ್ಜಿಯ ಕತೆ ಮುರಿಯುತ್ತದೆ. ಹೇಳದಿದ್ದರೆ ಗೋಪಾಳದ ಈ ಹಿತ್ತಿಲಲ್ಲಿ ಒಂದು ಪತಂಗವೂ ಹುಟ್ಟುವುದಿಲ್ಲ.

ಮಾರನೆಯ ಬೆಳಿಗ್ಗೆ ತಡೆಯಲಾರದೆ ಹೇಳಿಬಿಟ್ಟಳು.

ಅಜ್ಜಿಯ ಕೈ ಎಲೆಯ ಮೇಲೇ ನಿಂತಿತು. ಚೊಂಬಿನೊಳಗೆ ಬಗ್ಗಿ ನೋಡಿದರು. "ಅಂದ್ರೆ, ಬೆಳಿಗ್ಗೆ ಮುಳುಗ್ಸಿ ಸಂಜೆ ದಾರಿ ಕಾಯ್ತಿದ್ನಾ ನಾನು?"

ಉತ್ತರಕ್ಕೂ ಕಾಯದೆ ಎದ್ದು ಒಳಗೆ ಹೋದರು. ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ತನ್ನ ನಾಲಿಗೆಯನ್ನು ಕಚ್ಚಿಕೊಳ್ಳಬೇಕೆನಿಸಿತು ಕವನಳಿಗೆ.

ಸಂಜೆ ಅವಳು ಕಾಫಿ ಕೊಡಲು ಹೋದಾಗ ಅಜ್ಜಿ ಗೋಡೆ ನೋಡುತ್ತಲೇ ಮಾತು ತೆಗೆದರು. "ನಿಮ್ಮ ತಾತನೂ ಮದುವೆ ಹೊಸದ್ರಲ್ಲಿ ಹೀಗೇ ಕಣೇ. ತಿನ್ನೋದು, ಮಲಗೋದು. ಹಿಟ್ಟಿನ ಡಬ್ಬಿ ತಳ ಕಾಣಿಸಿದ್ರೆ ನಮ್ಮತ್ತೆ ಶಾಪ ಹಾಕೋರು. ಫರ್ನೇಸಿಗೆ ಸೇರಿದ್ಮೇಲಲ್ವಾ ಹೊಳಪು ಬಂದಿದ್ದು? ಹೊಟ್ಟೆ ತುಂಬ ತಿನ್ನದೆ ಯಾವ ಹುಳ ತಾನೆ ಬೆಂಕಿ ಮುಂದೆ ನಿಲ್ಲುತ್ತೆ ಹೇಳು."

ಕವನ ಕಾಫಿ ಲೋಟವನ್ನು ಅವರ ಕೈಗಿಟ್ಟಳು.

"ಮೂಲೆ ಕುಂಡ ಅವಕ್ಕೆ ಬಿಟ್ಬಿಡು," ಎಂದರು ಅಜ್ಜಿ. "ಮಿಕ್ಕಿದ್ದು ನಂದು. ದಾಟಿ ಬಂದ್ರೆ ಮಾತ್ರ ಬಿಡಲ್ಲ ಮತ್ತೆ!"

ಮೂಲೆಯ ಗಿಡ ಬರೀ ಕಡ್ಡಿಯಾಗಿ, ಉಳಿದೊಂದು ಎಲೆಯ ಮಡಿಕೆಯಲ್ಲಿ ಬಿಳಿ ಗೂಡು ಕಾಣಿಸಿಕೊಂಡಿತು. ಅಜ್ಜಿ ದಿನವೂ ಸಂಜೆ ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರತೊಡಗಿದರು. ಒಂದು ಮುಸ್ಸಂಜೆ ಗೂಡು ಹರಿದು, ಒದ್ದೆ ಬಟ್ಟೆಯಂತೆ ಮುದುರಿದ ಜೀವವೊಂದು ಹೊರಬಂದು ಕಡ್ಡಿಗೆ ಜೋತುಬಿತ್ತು.

"ಅತ್ತೆ, ಸೊಳ್ಳೆ ಕಚ್ತವೆ, ಒಳಗೆ ಬನ್ನಿ," ಎಂದರು ವಿಮಲಮ್ಮ.

"ತಡಿಯೇ ವಿಮಲ," ಎಂದರು ಅಜ್ಜಿ, ಕಣ್ಣು ಕೀಳದೆ. "ರೆಕ್ಕೆ ಒಣಗ್ಲಿ."