ಆರಾಧನೆಗೆ ತಡವಾಗಿ ಬಂದವಳು

ಆರಾಧನೆಗೆ ಶಿಸ್ತಿಲ್ಲದೆ ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೇವರು ಪರಿಶುದ್ಧನು. ಆತನ ಸನ್ನಿಧಿ ಏನು ಹ್ಯಾಂಡ್‌ಪೋಸ್ಟಿನ ಬಸ್ ಸ್ಟ್ಯಾಂಡೇ, ಯಾವಾಗ ಬೇಕಾದರೂ ಬಂದು ಹೋಗಲು? ಅಂತರಸಂತೆ ಆಚೆ, ಕಾಡಂಚಿನ ಈ ಪುಟ್ಟ ಕ್ರೈಸ್ತ ದೇವಾಲಯಕ್ಕೆ ಸಭಾಪಾಲಕನಾಗಿ ಬಂದ ವರ್ಷವೇ ಒಂದು ಕಟ್ಟಳೆ ಮಾಡಿದೆ. ಹತ್ತು ಗಂಟೆಗೆ ಕೀರ್ತನೆ ಶುರುವಾದರೆ ಬಾಗಿಲಿಗೆ ಚಿಲಕ. ತಡವಾದವರು ಆರಾಧನೆ ಮುಗಿಯುವವರೆಗೆ ಹೊರಗೇ ನಿಲ್ಲಬೇಕು.

ಪಕ್ಕದ ಗಿರಿಜನ ಹಾಡಿಯ ಕುಳ್ಳಮ್ಮನಿಗೆ ಮಾತ್ರ ಇದು ತಲೆಗೆ ಹೋಗಲಿಲ್ಲ. ಹೋದ ಭಾನುವಾರ ತಡವಾಗಿ ಬಂದದ್ದಲ್ಲದೆ ದಬದಬ ಬಾಗಿಲು ಬಡಿದಳು. ನಾನೇ ಎದ್ದು ಹೋಗಿ, ಎಲ್ಲರೂ ಕೇಳುವಂತೆ ಬೈದೆ.

"ದೇವರ ಮನೆ ಬಾಗ್ಲು ಬಡಿಯೋಕೆ ಭಯ ಇಲ್ವಾ ನಿಂಗೆ? ಇನ್ನೊಂದ್ಸಲ ಕೈ ಇಟ್ರೆ ನೋಡು!"

ಅವಳು ಏನೋ ಹೇಳಲು ಹೋದಳು. ಬಾಯಿ ಮುಚ್ಚೆಂದು ಬಾಗಿಲು ಹಾಕಿಕೊಂಡೆ.

ಈ ಭಾನುವಾರ ಎರಡನೆಯ ಚರಣ ಹಾಡುತ್ತಿದ್ದೆವು. ಕಿಟಕಿಯ ಪಕ್ಕ ಕೂತಿದ್ದ ಈರ ತಟ್ಟನೆ ಕೈ ಎತ್ತಿದ. ಅದೇ ಹಾಡಿಯವನು, ಕಾಡು ಕಾಯುವ ಕೆಲಸದವನು. ತುಟಿ ಮಾತ್ರ ಆಡಿಸಿ "ಆನೆ" ಎಂದ. ಹಾಡು ನಿಂತಿತು. ಅಂಗಳದ ಹಲಸಿನ ಮರದ ಕೆಳಗೆ ಒಂಟಿ ಸಲಗ. ಬಾಗಿಲಿಂದ ಇಪ್ಪತ್ತು ಹೆಜ್ಜೆಯೂ ಇಲ್ಲ.

ಒಳಗೆ ನಾವು ನಲವತ್ತು ಜನ. ತಾಯಂದಿರು ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದರು. ನಾನು ಎಷ್ಟು ಗದರಿದರೂ ಸುಮ್ಮನಾಗದವರು ಈಗ ಉಸಿರೂ ಬಿಡುತ್ತಿರಲಿಲ್ಲ.

ಆಗ ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದ ಕಂಡವು, ಬೆರಳು ನಮ್ಮ ಕಡೆಗೆ. ಕುಳ್ಳಮ್ಮ! ಸದ್ಯ, ಬಡಿಯುತ್ತಿಲ್ಲವಲ್ಲ ಎಂದು ಒಂದು ಕ್ಷಣ ಸಮಾಧಾನವೇ ಆಯಿತು. ಯಾಕೆ ಬಡಿಯುತ್ತಿಲ್ಲ ಎಂಬುದು ಮರುಕ್ಷಣವೇ ಹೊಳೆಯಿತು.

ಮೆಲ್ಲಗೆ ಬಾಗಿಲ ಹತ್ತಿರ ಹೋದೆ. ಈರ ನನ್ನ ತೋಳು ಹಿಡಿದ.

"ಬ್ಯಾಡ ಅಯ್ಯನೋರೆ. ಆ ಚಿಲಕ ಕಿರ್ ಅಂತದೆ. ಆನೆ ಇತ್ಲಾಗೆ ನುಗ್ಗುದ್ರೆ ಮಕ್ಳು ಮರಿ ಒಂದೂ ಉಳಿಯಾಕಿಲ್ಲ."

"ಅವಳು ಹೊರಗಡೆ ಇದಾಳಲ್ಲೋ!"

ಈರ ಕೈ ಬಿಟ್ಟ. ನಾನು ಚಿಲಕವನ್ನು ಕೂದಲೆಳೆಯಷ್ಟಷ್ಟೇ ಸರಿಸಿದೆ. ಅರ್ಧಕ್ಕೆ ಬಂದಾಗ ಕಿರ್ ಎಂದಿತು. ಸಲಗದ ಕಿವಿ ಬೀಸುವುದು ನಿಂತಿತೆಂದು ಈರ ಸನ್ನೆ ಮಾಡಿದ. ಬೆವರು ಕಣ್ಣಿಗಿಳಿಯಿತು. ಎಷ್ಟು ಹೊತ್ತು ಹಾಗೆ ನಿಂತೆನೋ ಗೊತ್ತಿಲ್ಲ. ಕೊನೆಗೆ ಆನೆ ಮರದ ಕಡೆಗೆ ತಿರುಗಿ ಸೊಂಡಿಲೆತ್ತಿತು. ಹಲಸಿನಕಾಯಿ ಧೊಪ್ಪೆಂದು ನೆಲಕ್ಕೆ ಬಿತ್ತು. ಆ ಸದ್ದಿನಲ್ಲೇ ಚಿಲಕ ಎಳೆದು, ಕುಳ್ಳಮ್ಮನ ರಟ್ಟೆ ಹಿಡಿದು ಒಳಗೆಳೆದುಕೊಂಡೆ.

ಅರ್ಧ ಗಂಟೆಯಾದ ಮೇಲೆ ಆನೆ ಅಣೆಕಟ್ಟಿನ ಹಿನ್ನೀರಿನ ಕಡೆ ಹೋಯಿತು. ಕುಳ್ಳಮ್ಮ ಗೋಡೆಗೊರಗಿ ಕೂತಿದ್ದಳು.

"ಒಂದ್ಸಲ ಬಾಗ್ಲು ತಟ್ಟಬಾರದಾಗಿತ್ತಾ ಅವ್ವ?" ಎಂದೆ.

"ನೀವೇ ಬ್ಯಾಡ ಅಂದಿದ್ರಲ್ಲ ಅಯ್ಯನೋರೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಓದ್ ವಾರನೂ ಇದೇ ಆನೆ ಕಣ್ರಯ್ಯ. ದೇವಾಲಯದ ಕಡೀಕೇ ಬತ್ತಿತ್ತು. ಒಳಗೆ ಮಕ್ಳವೆ, ಉಸಾರು ಅಂತ ಯೋಳಾಕೆ ಬಡ್ದೆ. ಅವತ್ತು ಏನೋ ಪುಣ್ಯಕ್ಕೆ ಅತ್ಲಾಗೆ ತಿರುಗ್ತು."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ನಲವತ್ತು ಜನರ ಎದುರಿಗೆ ಅವಳ ಮುಂದೆ ಮೊಣಕಾಲೂರಿದೆ. ಮೊದಲು ಅವಳ ಕ್ಷಮೆ ಕೇಳಿದೆ, ಆಮೇಲೆ ದೇವರದು.